ಚಿಲಿ ದೇಶದ 2010ನೇ ವರ್ಷವನ್ನು ಗೋಡೆಪತ್ರಿಕೆಯಾಗಿ ಬರೆಸುವ ಬಗೆ

ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುವ ನಾವು ದಕ್ಷಿಣ ಅಮೆರಿಕವನ್ನು ಭೂಪಟದಲ್ಲಿ ಒಮ್ಮೆ ತೋರಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಅಲ್ಲಿನ ಒಂದು ದೇಶದ ಒಂದೇ ವರ್ಷವನ್ನು ಮಕ್ಕಳ ಕೈಯಲ್ಲೇ ಬರೆಸಿದರೆ ಆ ಖಂಡ ಅವರ ಮನಸ್ಸಿನಲ್ಲಿ ನಿಲ್ಲುತ್ತದೆ. ಇದಕ್ಕೆ ಚಿಲಿಯ 2010ನೇ ವರ್ಷ ತಕ್ಕುದೆಂದು ನನ್ನ ಅನಿಸಿಕೆ. ಏಕೆಂದರೆ ಆ ವರ್ಷದ ನಡುವೆ 33 ಜನ ಸಿಕ್ಕಿಕೊಂಡು ಬದುಕಿ ಬಂದ ಒಂದು ಗಣಿಯ ಕಥೆಯಿದೆ, ನಮ್ಮ ಕೆಜಿಎಫ್‌ನ ಎಷ್ಟೋ ಮಕ್ಕಳ ಅಜ್ಜಂದಿರು ಗಣಿಗೆ ಇಳಿದವರು.

ದೊಡ್ಡ ಡ್ರಾಯಿಂಗ್ ಹಾಳೆಯ ಎಡ ಅಂಚಿನಲ್ಲಿ ತಿಂಗಳುಗಳನ್ನು ಬರೆಸಿ, ಆದರೆ ಹನ್ನೆರಡಕ್ಕೂ ಸಮನಾದ ಜಾಗ ಕೊಡಬೇಡಿ. ಪಕ್ಕದಲ್ಲಿ ಋತುಗಳನ್ನೂ ಗುರುತಿಸಿ: ಅಲ್ಲಿ ಫೆಬ್ರವರಿ ಬೇಸಿಗೆ, ಆಗಸ್ಟ್ ಚಳಿಗಾಲ.

ತಾರೀಖುಗಳನ್ನು ಚಿಲಿಯ ಗಡಿಯಾರದಂತೆಯೇ ಬರೆಸಬೇಕು. ಫೆಬ್ರವರಿ 27ರ ಭೂಕಂಪ ಅಲ್ಲಿ ನಸುಕಿನ 3.34ಕ್ಕೆ ಆದಾಗ ಇಲ್ಲಿ ಅದೇ ದಿನದ ಮಧ್ಯಾಹ್ನ 12 ಗಂಟೆ ಕಳೆದಿತ್ತು. ಗಣಿಯಿಂದ ಕೊನೆಯವರು ಮೇಲೆ ಬಂದದ್ದು ಅಲ್ಲಿ ಅಕ್ಟೋಬರ್ 13ರ ರಾತ್ರಿ 9.55ಕ್ಕೆ, ನಮಗಾಗಲೇ 14ರ ಬೆಳಗು. ಹಳೆಯ ಪತ್ರಿಕೆಗಳನ್ನು ನೋಡಿ ಬರೆಯುವವರು ಎಡವುವುದು ಇಲ್ಲಿಯೇ.

ಭೂಕಂಪದ ಮುಂದೆ 8.8 ಎಂಬ ತೀವ್ರತೆಯನ್ನಷ್ಟೇ ಬರೆದು ಬಿಡದೆ, ನಾಸ್ಕಾ ಭೂಫಲಕವು (ಭೂಮಿಯ ಹೊರಪದರದ ಒಂದು ದೊಡ್ಡ ತುಂಡು) ದಕ್ಷಿಣ ಅಮೆರಿಕ ಭೂಫಲಕದ ಅಡಿಗೆ ಜಾರುತ್ತಿರುವುದರಿಂದ ಇದಾಯಿತೆಂದೂ, ಹಿಂದೆಯೇ ಸುನಾಮಿ ಬಂತೆಂದೂ ಒಂದು ಸಣ್ಣ ಚಿತ್ರದೊಡನೆ ತೋರಿಸಿ. ಮೊದಲ ದಿನಗಳಲ್ಲಿ ಸತ್ತವರು 800ಕ್ಕೂ ಹೆಚ್ಚೆಂದು ಸುದ್ದಿಯಾಗಿತ್ತು. ಕಾಣೆಯಾದವರನ್ನೂ ಅದರಲ್ಲಿ ಎಣಿಸಿದ್ದರು. ನಂತರ ಖಚಿತಪಟ್ಟ ಲೆಕ್ಕ 525. ಯಾವ ದುರಂತಕ್ಕಾದರೂ ಮೊದಲ ವಾರದ ಸಂಖ್ಯೆಯನ್ನು ಬಿಟ್ಟು ತರುವಾಯದ್ದನ್ನೇ ಹಿಡಿಯಿರಿ. ಮಾರ್ಚ್ 11ರಂದು ಮಿಶೆಲ್ ಬಾಚೆಲೆಟ್ ಅವರಿಂದ ಸೆಬಾಸ್ಟಿಯನ್ ಪಿನ್ಯೇರಾ ದೇಶದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ದಿನವೂ, ಆ ಸಮಾರಂಭ ನಡೆದ ವಾಲ್ಪರೈಸೊ ನಗರದಲ್ಲಿ ನೆಲ ನಡುಗಿತು. ಆದ್ದರಿಂದ ಈ ಎರಡನ್ನೂ ಒಂದು ಗೆರೆಯಿಂದ ಸೇರಿಸಿ. ಜೂನ್‌ಗೆ ಒಂದು ಸಾಲು ಸಾಕು: ವಿಶ್ವಕಪ್ ಫುಟ್‌ಬಾಲ್‌ನಲ್ಲಿ 1962ರ ನಂತರದ ಮೊದಲ ಗೆಲುವು, ಕೊನೆಗೆ ಬ್ರೆಜಿಲ್ ಎದುರು 3-0 ಸೋಲು.

ಉಳಿಸಿದ ಜಾಗವನ್ನೆಲ್ಲ ಗಣಿಗೆ ಕೊಡಿ. ಆಗಸ್ಟ್ 5ರಂದು ಅಟಕಾಮಾ ಮರುಭೂಮಿಯ ಕೊಪಿಯಾಪೊ ಬಳಿಯ ಸಾನ್ ಹೋಸೆ ಗಣಿ ಕುಸಿದು, ಸುಮಾರು 700 ಮೀಟರ್ ಆಳದಲ್ಲಿ 33 ಜನ ಸಿಕ್ಕಿಕೊಂಡರು. 17 ದಿನಗಳ ಮೇಲೆ, ಕೊರೆಯುವ ಯಂತ್ರದ ತುದಿಗೆ ಕಟ್ಟಿದ ಚೀಟಿಯೊಂದು ಮೇಲೆ ಬಂತು: ‘ನಾವು 33 ಜನ ಆಶ್ರಯದ ಕೋಣೆಯಲ್ಲಿ ಚೆನ್ನಾಗಿದ್ದೇವೆ.’ ಈ ಮಾತನ್ನು ಮಕ್ಕಳಿಂದ ಕೆಂಪು ಶಾಯಿಯಲ್ಲಿ ಬರೆಸಿ. ಮೂಲವೂ ಕೆಂಪಕ್ಷರದಲ್ಲೇ ಇತ್ತು. ಸೆಪ್ಟೆಂಬರ್ 18ನ್ನು ಗಣಿಯ ಚೌಕದ ಒಳಗೇ ಇಡಿ. 1810ರಲ್ಲಿ ಮೊದಲ ಸ್ವಂತ ಆಡಳಿತ ಮಂಡಳಿ ರಚನೆಯಾಗಿ 200 ವರ್ಷ ತುಂಬಿದ ಆ ಹಬ್ಬದ ದಿನ ಅವರಿನ್ನೂ ನೆಲದಡಿಯಲ್ಲಿದ್ದರು.

69ನೇ ದಿನ ಅವರನ್ನು ಒಬ್ಬೊಬ್ಬರಾಗಿ ಮೇಲೆತ್ತಿದ ಫೆನಿಕ್ಸ್ ಎಂಬ ಲೋಹದ ಗೂಡಿನ ಅಗಲ ಸುಮಾರು 54 ಸೆಂಟಿಮೀಟರ್. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟಗಲದ ವೃತ್ತ ಬರೆದು, ಎತ್ತರದ ಹುಡುಗನೊಬ್ಬನನ್ನು ಕೈಕಟ್ಟಿಸಿ ಅದರೊಳಗೆ ನಿಲ್ಲಿಸಿ. ಭುಜಗಳು ಗೆರೆಯನ್ನು ಮುಟ್ಟುವಂತಿರುವುದನ್ನು ಕಂಡಾಗ ತರಗತಿ ತಾನಾಗಿಯೇ ಮೌನವಾಗುತ್ತದೆ.

ಅಕ್ಟೋಬರ್‌ನ ಸಂತೋಷದೊಂದಿಗೆ ಹಾಳೆಯನ್ನು ಮುಗಿಸುವ ಆಸೆಯಾಗುವುದು ಸಹಜ, ಆದರೂ ಡಿಸೆಂಬರ್ 8ರಂದು ಸಾಂತಿಯಾಗೊದ ಸಾನ್ ಮಿಗೆಲ್ ಸೆರೆಮನೆಯ ಬೆಂಕಿಯಲ್ಲಿ ಸತ್ತ 81 ಜನರನ್ನು ಬಿಡಬಾರದು.

ಗಣಿಯ ಚೌಕದ ಕೆಳಗೆ ನಾಲ್ಕು ಬೆರಳಷ್ಟು ಖಾಲಿ ಬಿಡಿ. 3 ಕಿಲೋಮೀಟರಿಗೂ ಆಳವಾಗಿದ್ದು 2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಯಲ್ಲಿ ಕೇಜ್ ಹತ್ತಿ ಇಳಿದ ಹಿರಿಯರನ್ನು ಪ್ರದರ್ಶನದ ದಿನ ಕರೆಸಿ, ಅವರು ಹೇಳಿದ್ದನ್ನು ಮಕ್ಕಳು ಅಲ್ಲಿ ಬರೆದುಕೊಳ್ಳಲಿ.