ಸಿಗ್ನಲ್‌ನಲ್ಲಿ ನಡುಗುತ್ತಿದ್ದ 530ಐ: ಗಾಳಿ ಲೀಕ್ ಹುಡುಕಿ ಸರಿ ಮಾಡಿದ ನನ್ನ ಅನುಭವ

ನನ್ನ ಹತ್ತಿರ ಇರುವುದು 2003ರ ಬಿಎಂಡಬ್ಲ್ಯು 530ಐ. ಇ39 ಅಂತ ಕರೆಯುವ ಪೀಳಿಗೆಯ ಕಾರು. ಒಳಗಿರುವುದು ಎಂ54 ಎಂಜಿನ್. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್. ಚೆನ್ನಾಗಿದ್ದಾಗ ಇದರ ಐಡ್ಲಿಂಗ್ (ಕಾರು ನಿಂತಿದ್ದಾಗ ಎಂಜಿನ್ ಸುಮ್ಮನೆ ಓಡುವುದು) ಎಷ್ಟು ನಯ ಅಂದರೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಅಂತ ಮೀಟರ್ ನೋಡಿ ತಿಳಿದುಕೊಳ್ಳಬೇಕು. ಆ ನಯ ಹಾಳಾದಾಗ ಮನಸ್ಸಿಗೆ ನಿಜಕ್ಕೂ ಕಷ್ಟವಾಗುತ್ತದೆ.

ನನ್ನ ಕಾರಿನಲ್ಲಿ ಅದು ನಿಧಾನವಾಗಿ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಎಂಜಿನ್ ಕೆಮ್ಮುವುದು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ. ಎಸಿ ಹಾಕಿದರೆ ಆರ್‌ಪಿಎಂ ಮುಳ್ಳು ಕೆಳಗೆ ಬಿದ್ದು ಮತ್ತೆ ಮೇಲೇಳುವುದು. ಓಡುವಾಗ ಮಾತ್ರ ಏನೂ ತೊಂದರೆ ಇಲ್ಲ. ಕೊನೆಗೆ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಎರಡು ಕೋಡ್: ಪಿ0171 ಮತ್ತು ಪಿ0174. ಎರಡರ ಅರ್ಥವೂ ಒಂದೇ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಮೊದಲನೆಯದು ಮುಂದಿನ ಮೂರು ಸಿಲಿಂಡರ್‌ಗಳಿಗೆ, ಎರಡನೆಯದು ಹಿಂದಿನ ಮೂರಕ್ಕೆ.

ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದೆ. ಎರಡೂ ಆಕ್ಸಿಜನ್ ಸೆನ್ಸರ್ ಬದಲಾಯಿಸಿ, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಮೀಟರನ್ನೂ ಬದಲಾಯಿಸಿ ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಎರಡು ಸೆನ್ಸರ್ ಒಂದೇ ದಿನ, ಒಂದೇ ರೀತಿ ಕೆಡುವುದು ತೀರಾ ಅಪರೂಪ. ಎರಡೂ ಸೇರಿ ಒಂದೇ ದೂರು ಹೇಳುತ್ತಿದ್ದರೆ ಅವು ನಿಜ ಹೇಳುತ್ತಿವೆ ಅಂತ ಮೊದಲು ನಂಬಬೇಕು. ಆರೂ ಸಿಲಿಂಡರ್‌ಗೆ ಸಾಮಾನ್ಯವಾದ ಒಂದು ಜಾಗದಲ್ಲಿ ತಪ್ಪಿದೆ, ಅದನ್ನು ಹುಡುಕಬೇಕು.

ಎಂಜಿನ್ ಕಂಪ್ಯೂಟರ್ ಲೆಕ್ಕ ಹಾಕುವ ರೀತಿ ಹೀಗಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಏರ್ ಫಿಲ್ಟರ್ ದಾಟಿದ ಗಾಳಿಯನ್ನು ಏರ್‌ಫ್ಲೋ ಮೀಟರ್ ಅಳೆಯುತ್ತದೆ. ಆ ಅಳತೆಗೆ ತಕ್ಕಂತೆ ಪೆಟ್ರೋಲ್ ಹೋಗುತ್ತದೆ. ಮೀಟರ್ ದಾಟಿದ ಮೇಲೆ ಎಲ್ಲಾದರೂ ಒಂದು ಬಿರುಕಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಸೈಲೆನ್ಸರ್ ಕಡೆ ಇರುವ ಆಕ್ಸಿಜನ್ ಸೆನ್ಸರ್ ಮಾತ್ರ ಅದನ್ನು ಪತ್ತೆ ಹಚ್ಚಿ, ಪೆಟ್ರೋಲ್ ಸಾಲುತ್ತಿಲ್ಲ ಅನ್ನುತ್ತದೆ. ಕಂಪ್ಯೂಟರ್ ಆಗ ಶೇಕಡಾ ಇಷ್ಟು ಅಂತ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಈ ಶೇಕಡಾ ಲೆಕ್ಕಕ್ಕೇ ಫ್ಯೂಯೆಲ್ ಟ್ರಿಮ್ ಅನ್ನುತ್ತಾರೆ. ಇದು ಒಂದು ಮಿತಿ ದಾಟಿದಾಗ ಲೈಟ್ ಹತ್ತುತ್ತದೆ.

ಟ್ರಿಮ್ ನೋಡಲು ದುಬಾರಿ ಸ್ಕ್ಯಾನರ್ ಬೇಕಿಲ್ಲ. ಕಾರಿನ ಡಯಾಗ್ನಾಸ್ಟಿಕ್ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಮತ್ತು ಫೋನ್ ಸಾಕು. ನಾನು ಮಾಡಿದ ಅತಿ ಮುಖ್ಯ ಪರೀಕ್ಷೆ ಇದೇ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಟ್ರಿಮ್ ನೋಡಿದೆ. ಶಾರ್ಟ್ (ಆ ಕ್ಷಣದ್ದು) ಮತ್ತು ಲಾಂಗ್ (ಕಂಪ್ಯೂಟರ್ ಕಲಿತಿಟ್ಟುಕೊಂಡದ್ದು) ಎರಡನ್ನೂ ಕೂಡಿಸಿದರೆ ಪ್ಲಸ್ 20ರ ಹತ್ತಿರ. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದೆ. ಪ್ಲಸ್ 8ಕ್ಕೆ ಇಳಿಯಿತು. ಹೀಗೆ ಇಳಿದರೆ ಗಾಳಿ ಲೀಕ್ ಅಂತಲೇ ಅರ್ಥ. ಒಂದು ಲೋಟ ಹಾಲಿಗೆ ಒಂದು ಸೌಟು ನೀರು ಬಿದ್ದರೆ ಬಾಯಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ಕೊಡ ಹಾಲಿಗೆ ಅದೇ ಸೌಟು ಬಿದ್ದರೆ ಗೊತ್ತಾಗುವುದಿಲ್ಲ, ಅಲ್ವಾ? ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ಎಳೆತ ಮಾತ್ರ ಜೋರು. ಆಗ ಸಣ್ಣ ತೂತು ಕೂಡ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ಇದಕ್ಕೆ ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಏರ್‌ಫ್ಲೋ ಮೀಟರ್ ಕಡೆ ನೋಡಬೇಕು. ಎರಡೇ ನಿಮಿಷದ ಈ ಪರೀಕ್ಷೆ ಮಾಡದೆ ಯಾರಾದರೂ ಪಾರ್ಟ್ಸ್ ಬದಲಾಯಿಸಿ ಅಂದರೆ ದಯವಿಟ್ಟು ಒಪ್ಪಬೇಡಿ.

ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿಯೂ ನೋಡಿದೆ. ಇಲ್ಲಿ ಬೆಂಗಳೂರಿನವರು ಗಮನಿಸಬೇಕಾದ ಒಂದು ವಿಷಯ ಇದೆ. ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 18ರಿಂದ 21 ಇಂಚು ಪಾದರಸ ತೋರಿಸಬೇಕು ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಮೇಲೆ ಹೋದಂತೆಲ್ಲಾ ಒಂದೊಂದು ಇಂಚು ಕಡಿಮೆಯಾಗುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಇಲ್ಲಿ 16 ತೋರಿಸಿದರೆ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ನನ್ನದು 13ರ ಆಸುಪಾಸಿನಲ್ಲಿ ಅಲುಗುತ್ತಿತ್ತು. ಬೆಂಗಳೂರಿನ ಲೆಕ್ಕಕ್ಕೂ ಅದು ಕಡಿಮೆಯೇ.

ಗೇಜ್ ಸಿಕ್ಕಿಸಲು ಮ್ಯಾನಿಫೋಲ್ಡ್ (ಆರೂ ಸಿಲಿಂಡರ್‌ಗೆ ಗಾಳಿ ಹಂಚುವ ಭಾಗ) ಹಿಂಬದಿಯ ಸಣ್ಣ ರಬ್ಬರ್ ಮುಚ್ಚಳ ತೆಗೆದಾಗ ಒಂದು ಸುಳಿವೂ ಸಿಕ್ಕಿತು. ಮುಚ್ಚಳ ಒಣಗಿ ಗಟ್ಟಿಯಾಗಿತ್ತು, ಅಂಚಿನಲ್ಲಿ ಸೀಳು. ಈ ಎಂಜಿನ್‌ನ ಥರ್ಮೋಸ್ಟಾಟ್ ತೆರೆಯುವುದೇ 97 ಡಿಗ್ರಿಗೆ. ಅಂದರೆ ಮಾಮೂಲಿ ದಿನದಲ್ಲೂ ಬಾನೆಟ್ ಒಳಗೆ ಜಾಸ್ತಿ ಶಾಖ. ಅದರ ಮೇಲೆ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ಗಾಳಿಯಾಡದೆ ನಿಂತರೆ ರಬ್ಬರ್ ಬೇಯುತ್ತದೆ. ಇಪ್ಪತ್ತು ವರ್ಷ ಬೆಂದ ರಬ್ಬರ್ ಮೆತ್ತಗೆ ಉಳಿಯುವುದಿಲ್ಲ. ಕಿಲೋಮೀಟರ್ ಕಡಿಮೆ ಓಡಿದೆ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರಬ್ಬರ್‌ಗೆ ಲೆಕ್ಕ ವರ್ಷದ್ದು.

ನಂತರ ಆಯಿಲ್ ಮುಚ್ಚಳದ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ಮೆಲ್ಲಗೆ ತೆಗೆಯಬೇಕು. ಒಳಗೆ ಸ್ವಲ್ಪ ಎಳೆತ ಇರಬೇಕು, ಐಡ್ಲಿಂಗ್ ಸ್ವಲ್ಪ ಏರುಪೇರಾಗಬೇಕು. ಮುಚ್ಚಳ ಕಿತ್ತರೂ ಬಾರದಷ್ಟು ಎಳೆತ ಇದ್ದರೆ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ವಾಲ್ವ್ ಒಳಗಿನ ಪರದೆ ಹರಿದಿದೆ ಅಂತ. ಏನೂ ವ್ಯತ್ಯಾಸವೇ ಆಗದಿದ್ದರೆ ಬೇರೆ ಎಲ್ಲಿಂದಲೋ ಗಾಳಿ ಮೊದಲೇ ಒಳಗೆ ಹೋಗುತ್ತಿದೆ ಅಂತ ಅನುಮಾನ ಪಡಬೇಕು. ನನ್ನ ಕಾರಿನಲ್ಲಿ ಆದದ್ದು ಎರಡನೆಯದು.

ತುಂಬಾ ಜನ ಇದನ್ನು ಗಮನಕ್ಕೆ ತಂದುಕೊಳ್ಳುವುದಿಲ್ಲ. ಪಿಸ್ಟನ್ ಕೆಳಗಿನ ಆಯಿಲ್ ಇರುವ ಜಾಗವನ್ನೂ ಮ್ಯಾನಿಫೋಲ್ಡನ್ನೂ ಈ ವೆಂಟಿಲೇಷನ್ ವಾಲ್ವ್ ಸೇರಿಸುತ್ತದೆ. ಹಾಗಾಗಿ ಎಂಜಿನ್‌ನ ಹೊಟ್ಟೆಯೂ ಸಣ್ಣ ಎಳೆತದಲ್ಲಿರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಟ್ಯೂಬ್‌ನ ಬುಡದ ಓರಿಂಗ್ (ರಬ್ಬರ್ ಉಂಗುರ), ಆಯಿಲ್ ಮುಚ್ಚಳದ ರಬ್ಬರ್, ವಾಲ್ವ್ ಕವರ್ ಗ್ಯಾಸ್ಕೆಟ್, ಇವೆಲ್ಲಾ ಗಾಳಿ ಲೀಕ್ ಆಗುವ ಜಾಗಗಳೇ. ಆಯಿಲ್ ಒಸರುವ ಕಡೆ ಗಾಳಿಯೂ ಒಳಗೆ ಹೋಗಬಹುದು. ಹಳೆಯ ಕಾರಲ್ವಾ, ಸ್ವಲ್ಪ ಆಯಿಲ್ ಒಸರೋದು ಮಾಮೂಲು ಅಂತ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು.

ಇನ್ನು ನಿಖರವಾದ ಜಾಗ ಹುಡುಕುವುದು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತದಾ ನೋಡುವುದು ಹಳೆಯ ಪದ್ಧತಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರವ ಸಿಂಪಡಿಸಲು ನನಗೆ ಧೈರ್ಯವಿಲ್ಲ. ಊದುಬತ್ತಿ ಹಿಡಿದು ಹೊಗೆ ಎತ್ತ ಎಳೆಯುತ್ತದೆ ಅಂತ ನೋಡುವವರೂ ಇದ್ದಾರೆ. ಪೆಟ್ರೋಲ್ ಪೈಪ್ ಇರುವ ಕಡೆ ಕೆಂಡ ಬೇಡವೇ ಬೇಡ. ಸ್ಮೋಕ್ ಮಷಿನ್ ಇರುವ, ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. "ಬಿಸಿ ಇದ್ರೆ ಬೇಡ ಸರ್, ರಾತ್ರಿ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ತಣ್ಣಗಿರುವಾಗ ನೋಡೋಣ," ಅಂದರು. ಅವರ ಮಾತು ಸರಿ. ತಣ್ಣಗಿದ್ದಾಗ ರಬ್ಬರ್ ಮತ್ತು ಪ್ಲಾಸ್ಟಿಕ್ ಕುಗ್ಗಿ ಬಿರುಕು ತೆರೆದುಕೊಂಡಿರುತ್ತದೆ.

ಏರ್ ಫಿಲ್ಟರ್ ಡಬ್ಬ ಮತ್ತು ಏರ್‌ಫ್ಲೋ ಮೀಟರ್ ತೆಗೆದು, ಮುಂದೆ ಉಳಿಯುವ ರಬ್ಬರ್ ಪೈಪಿನ ಬಾಯಿಗೆ ಬಿರಡೆ ಹಾಕಿ, ಅದರ ಮೂಲಕ ಹೊಗೆ ಬಿಟ್ಟೆವು. ಒತ್ತಡ ಒಂದು ಪಿಎಸ್‌ಐ ಒಳಗೇ ಇರಬೇಕು. ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರವಾಗಿ ಸಿಕ್ಕಿಸಿದರೆ ಚೆನ್ನಾಗಿದ್ದ ಸೀಲುಗಳೂ ಕಿತ್ತುಹೋಗುತ್ತವೆ. ಫ್ಯಾನ್ ಆಫ್, ಶಟರ್ ಅರ್ಧ ಕೆಳಗೆ, ಕೈಯಲ್ಲಿ ಟಾರ್ಚ್. ಬೆಳಕನ್ನು ಓರೆಯಾಗಿ ಬಿಟ್ಟರೆ ಸಣ್ಣ ಹೊಗೆ ಎಳೆಯೂ ಕಾಣುತ್ತದೆ.

ಮೊದಲು ಹೊಗೆ ಬಂದದ್ದು ಥ್ರಾಟಲ್ ಹತ್ತಿರದ ಕೆಳಗಿನ ರಬ್ಬರ್ ಪೈಪಿನಿಂದ. ಮೇಲಿಂದ ನೋಡಿದರೆ ಅದು ಹೊಸದರಂತೆಯೇ ಇತ್ತು. ಬಿರುಕು ಇದ್ದದ್ದು ಮಡಿಕೆಯ ಒಳಗೆ, ಕೆಳಮುಖವಾಗಿ. ಕೈಯಿಂದ ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಎಂಜಿನ್ ಜೋರಾಗಿ ಎಳೆದು ಸ್ವಲ್ಪ ವಾಲಿದಾಗ ಈ ಮಡಿಕೆ ತೆರೆದುಕೊಳ್ಳುತ್ತದೆ. ಇದು ಥ್ರಾಟಲ್‌ಗಿಂತ ಮುಂಚಿನ ಜಾಗ, ಅಲ್ಲಿ ಎಳೆತ ಕಡಿಮೆ. ಆದರೂ ಮೀಟರ್ ದಾಟಿದ ಗಾಳಿಯಾದ್ದರಿಂದ ಲೆಕ್ಕ ತಪ್ಪಿಸುತ್ತದೆ. ಇಲ್ಲಿನ ಲೀಕ್‌ಗೆ ಟ್ರಿಮ್ 2,500 ಆರ್‌ಪಿಎಂನಲ್ಲೂ ಪೂರ್ತಿ ಇಳಿಯುವುದಿಲ್ಲ. ನನಗೆ ಅಲ್ಲಿ ಪ್ಲಸ್ 8 ಉಳಿದದ್ದಕ್ಕೆ ಇದೇ ಕಾರಣ.

ದೊಡ್ಡ ತೂತು ಇರುವಾಗ ಹೊಗೆಯೆಲ್ಲಾ ಅದರಲ್ಲೇ ಹೋಗಿ ಸಣ್ಣವು ಅಡಗಿಕೊಳ್ಳುತ್ತವೆ. ಹಾಗಾಗಿ ಅದಕ್ಕೆ ಟೇಪ್ ಸುತ್ತಿ ಮತ್ತೆ ಹೊಗೆ ಬಿಟ್ಟೆವು. ಈ ಸಲ ಮ್ಯಾನಿಫೋಲ್ಡ್ ಕೆಳಗಿನಿಂದ ನಿಧಾನವಾಗಿ ಹೊಗೆ ಎದ್ದಿತು. ವೆಂಟಿಲೇಷನ್ ವಾಲ್ವ್ ಇರುವುದು ಅಲ್ಲೇ. ಹಿಂಬದಿಯ ರಬ್ಬರ್ ಮುಚ್ಚಳದಿಂದಲೂ ಸಣ್ಣ ಎಳೆ ಬಂತು. ಟೇಪ್ ಹುಡುಕುವುದಕ್ಕೆ ಮಾತ್ರ, ರಿಪೇರಿಗಲ್ಲ. ಆಯಿಲ್ ಆವಿ ತಾಗಿದ ಕೂಡಲೇ ಅಂಟು ಬಿಡುತ್ತದೆ.

ಪಾರ್ಟ್ಸ್ ತರಿಸುವುದಕ್ಕೆ ತಾಳ್ಮೆ ಬೇಕಾಯಿತು. ಬಿಎಂಡಬ್ಲ್ಯು ಚೆನ್ನೈ ಕಾರ್ಖಾನೆ ಶುರುವಾದದ್ದು 2007ರಲ್ಲಿ. ಅದಕ್ಕಿಂತ ಹಳೆಯ ಈ ಕಾರು ಹೊರದೇಶದಿಂದ ಬಂದದ್ದು. ಜೆಸಿ ರೋಡ್‌ನಲ್ಲಿ ಕ್ಲ್ಯಾಂಪ್, ಅಳತೆಗೆ ಸಿಗುವ ಸಣ್ಣ ರಬ್ಬರ್ ಮುಚ್ಚಳ ಸಿಕ್ಕವು. ಉಳಿದದ್ದನ್ನು ಪಾರ್ಟ್ ನಂಬರ್ ನೋಡಿ ತರಿಸಿದೆ. ಎರಡೂ ರಬ್ಬರ್ ಇನ್‌ಟೇಕ್ ಪೈಪ್, ವೆಂಟಿಲೇಷನ್ ವಾಲ್ವ್ ಮತ್ತು ಅದರ ನಾಲ್ಕೂ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಓರಿಂಗ್, ಡಿಪ್‌ಸ್ಟಿಕ್ ಟ್ಯೂಬ್ ಓರಿಂಗ್, ಆಯಿಲ್ ಮುಚ್ಚಳದ ರಬ್ಬರ್, ಎಲ್ಲಾ ಒಟ್ಟಿಗೆ. ಮ್ಯಾನಿಫೋಲ್ಡ್ ಬಿಚ್ಚುವುದೇ ದೊಡ್ಡ ಕೆಲಸ. ಅದನ್ನು ಬಿಚ್ಚಿದ ಮೇಲೆ ಕೆಳಗಿರುವ ಹಳೆಯ ರಬ್ಬರ್ ಒಂದನ್ನೂ ಉಳಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಮನೆಯಲ್ಲೇ ಮಾಡಿದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಪೆಟ್ರೋಲ್ ಲೈನಿನ ಒತ್ತಡ ಇಳಿಸಿದೆ. ಈ ಎಂಜಿನ್‌ನಲ್ಲಿ ಅದು 3.5 ಬಾರ್. ಕಣ್ಣಿಗೆ ಹಾರಿದರೆ ಅಪಾಯ, ಕನ್ನಡಕ ಹಾಕಿಕೊಂಡೇ ಮಾಡಿ. ಪ್ರತಿ ಕನೆಕ್ಟರ್ ಬಿಚ್ಚುವ ಮುಂಚೆ ಫೋಟೋ ತೆಗೆದೆ. ಹಳೆಯ ಪ್ಲಾಸ್ಟಿಕ್ ಲಾಕುಗಳನ್ನು ಅವಸರದಲ್ಲಿ ಎಳೆದರೆ ಮುರಿಯುತ್ತವೆ. ಮ್ಯಾನಿಫೋಲ್ಡ್ ಹೊರಗೆ ಬಂದ ತಕ್ಷಣ ಸಿಲಿಂಡರ್ ಹೆಡ್‌ನ ಆರೂ ತೂತುಗಳಿಗೆ ಶುಭ್ರ ಬಟ್ಟೆ ತುರುಕಿದೆ. ಒಂದು ನಟ್ ಒಳಗೆ ಬಿದ್ದರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಹಳೆಯ ವೆಂಟಿಲೇಷನ್ ಪೈಪ್ ಕೈಯಲ್ಲೇ ಪುಡಿಯಾಯಿತು. ಒಳಗೆ ಹಳದಿ ಬಣ್ಣದ ಮಡ್ಡಿ. ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ನೀರಿನ ಆವಿ ಆಯಿಲ್ ಜೊತೆ ಸೇರಿ ಹೀಗೆ ಕಟ್ಟುತ್ತದೆ. ವಾಲ್ವ್‌ನಲ್ಲಿ ಬೇರ್ಪಟ್ಟ ಆಯಿಲ್ ಡಿಪ್‌ಸ್ಟಿಕ್ ಟ್ಯೂಬ್ ಮೂಲಕವೇ ಕೆಳಗೆ ಇಳಿಯಬೇಕು. ಆ ದಾರಿಯೂ ಅರ್ಧ ಕಟ್ಟಿಕೊಂಡಿತ್ತು. ಅದನ್ನು ಹಾಗೇ ಬಿಟ್ಟು ಹೊಸ ವಾಲ್ವ್ ಹಾಕಿದರೆ ಪ್ರಯೋಜನವಿಲ್ಲ. ಇಳಿಯಲಾಗದ ಆಯಿಲ್ ಮ್ಯಾನಿಫೋಲ್ಡ್‌ಗೆ ಎಳೆದುಕೊಂಡು ಹೋಗಿ ಹೊಗೆಯಾಗುತ್ತದೆ. ಜಾಸ್ತಿ ಸೇರಿದರೆ ಸಿಲಿಂಡರ್ ತುಂಬಿ ಎಂಜಿನ್ ಜಾಮ್ ಆಗುವ ಅಪಾಯವೂ ಇದೆ. ಟ್ಯೂಬ್ ಹೊರಗೆ ತೆಗೆದು, ಒಳಗಿನ ಸಂದು ಪೂರ್ತಿ ತೊಳೆದು, ಒಣಗಿಸಿ, ಹೊಸ ಓರಿಂಗ್‌ಗೆ ಆಯಿಲ್ ಸವರಿ ಕೂರಿಸಿದೆ.

ಮ್ಯಾನಿಫೋಲ್ಡ್ ಪಕ್ಕದ, ಒಳಗೆ ಗಾಳಿ ಹೋಗುವ ದಾರಿ ಬದಲಾಯಿಸುವ ಡಿಸಾ ವಾಲ್ವನ್ನೂ ನೋಡಿದೆ. ಎರಡು ಟಿ40 ಬೋಲ್ಟ್ ತೆಗೆದರೆ ಹೊರಗೆ ಬರುತ್ತದೆ. ಅದರ ರೆಕ್ಕೆಯ ಪಿನ್ ಸಡಿಲವಾದರೆ ತುಂಡು ಎಂಜಿನ್ ಒಳಗೆ ಹೋಗಬಹುದು. ರೆಕ್ಕೆ ಒತ್ತಿ ಹಿಡಿದು, ವ್ಯಾಕ್ಯೂಮ್ ತೂತನ್ನು ಬೆರಳಿನಿಂದ ಮುಚ್ಚಿ ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ನನ್ನದು ನಿಂತಿತು. ಓರಿಂಗ್ ಮಾತ್ರ ಚಪ್ಪಟೆಯಾಗಿತ್ತು, ಬದಲಾಯಿಸಿದೆ.

ಎಲ್ಲಾ ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲೇ ಮತ್ತೆ ಆ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ ಹೊಗೆ ಬಿಡಿಸಿದೆ. ಎಲ್ಲೂ ಬರಲಿಲ್ಲ. ಕೋಡ್ ಅಳಿಸಿ, ಕಂಪ್ಯೂಟರ್ ಕಲಿತಿಟ್ಟುಕೊಂಡ ಹಳೆಯ ಟ್ರಿಮ್ಮನ್ನೂ ರೀಸೆಟ್ ಮಾಡಿದೆ. ಇದನ್ನು ಮರೆತರೆ ಲೀಕ್ ಹೋದಮೇಲೂ ಸ್ವಲ್ಪ ಕಾಲ ಹೆಚ್ಚು ಪೆಟ್ರೋಲ್ ಹೋಗುತ್ತಲೇ ಇರುತ್ತದೆ.

ತುಮಕೂರಿನ ತನಕ ಹೋಗಿ ಬಂದ ಮೇಲೆ ಟ್ರಿಮ್ ನೋಡಿದೆ. ಐಡ್ಲಿಂಗ್‌ನಲ್ಲಿ ಪ್ಲಸ್ 2, 2,500ರಲ್ಲಿ ಪ್ಲಸ್ 1. ಗೇಜ್ 16.5ರಲ್ಲಿ ಅಲುಗದೆ ನಿಂತಿದೆ. ಎಸಿ ಹಾಕಿದರೂ ಮುಳ್ಳು ಕದಲುವುದಿಲ್ಲ. ಆಕ್ಸಿಜನ್ ಸೆನ್ಸರ್, ಏರ್‌ಫ್ಲೋ ಮೀಟರ್ ಎರಡೂ ಹಳೆಯವೇ. ಇನ್ನು ಉಳಿದಿರುವುದು ವಾಲ್ವ್ ಕವರ್ ಗ್ಯಾಸ್ಕೆಟ್. ಹೊಗೆ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿದೆ, ಆದರೆ ಹಿಂದಿನ ಮೂಲೆಯಲ್ಲಿ ಆಯಿಲ್ ತೇವ ಶುರುವಾಗಿದೆ. ಹೊಸ ಗ್ಯಾಸ್ಕೆಟ್ ತರಿಸಿ ಇಟ್ಟಿದ್ದೇನೆ, ಮುಂದಿನ ಆಯಿಲ್ ಚೇಂಜ್ ಜೊತೆಗೆ ಅದನ್ನೂ ಹಾಕುತ್ತೇನೆ.