ಸವೆದ ರೋಮನ್ ನಾಣ್ಯಕ್ಕೆ ನಾನು ಬೆಲೆ ಕಟ್ಟುವ ಬಗೆ

ನಾಣ್ಯ ಎಷ್ಟು ಹಳೆಯದು ಅನ್ನುವುದನ್ನು ಬೆಲೆ ಕಟ್ಟುವಾಗ ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಊರಿಂದ ಬಂದವರಿಗೆ ಈ ಮಾತು ರುಚಿಸುವುದಿಲ್ಲ. "ಸಾವಿರದ ಏಳುನೂರು ವರ್ಷದ್ದು ಅಂತೀಯ, ಲಕ್ಷಕ್ಕೆ ಮೋಸ ಇಲ್ಲ ಬಿಡು" ಅಂದರು ನಮ್ಮ ಚಿಕ್ಕಪ್ಪ. ಅವರ ಕೈಯಲ್ಲಿದ್ದದ್ದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ ಕಾಲದ ಕಂಚಿನ ಪುಟ್ಟ ಬಿಲ್ಲೆ. ನಡುವೆ ಧ್ವಜ, ಅಕ್ಕಪಕ್ಕ ಇಬ್ಬರು ಸಿಪಾಯಿಗಳು. ನಾನಿರುವ ಇಂಗ್ಲೆಂಡಿನಲ್ಲಿ ನಾಣ್ಯ ಮೇಳಕ್ಕೆ ಹೋದರೆ ಅಂಥವು ಡಬ್ಬಿಗಟ್ಟಲೆ ಬಿದ್ದಿರುತ್ತವೆ. ಮುಖ ಅಳಿಸಿಹೋಗಿದ್ದರೆ ಮೂರ್ನಾಲ್ಕು ಪೌಂಡಿಗೆ ಕೊಡುತ್ತಾರೆ. ಅಷ್ಟೊಂದು ಟಂಕಿಸಿದ್ದರು, ಅಷ್ಟೊಂದು ಮಣ್ಣಿನಲ್ಲಿ ಉಳಿದಿವೆ.

ನಾನು ಮುಖ್ಯವಾಗಿ ಕೂಡಿಡುವುದು ರೋಮನ್ ಸೇನಾನಿ ಮಾರ್ಕ್ ಆಂಟನಿಯ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯಗಳನ್ನು. ಕ್ರಿ.ಪೂ. 32-31ರಲ್ಲಿ, ಆಕ್ಟೇವಿಯನ್ ಎದುರಿನ ಆಕ್ಟಿಯಂ ನೌಕಾಯುದ್ಧಕ್ಕೆ ಮುಂಚೆ, ದಂಡಿನ ಸಂಬಳಕ್ಕೆಂದು ಹೊಡೆಸಿದವು. ಒಂದು ಕಡೆ ಹುಟ್ಟು ಹಾಕುವ ಯುದ್ಧನೌಕೆ, ಇನ್ನೊಂದು ಕಡೆ ಎರಡು ಧ್ವಜಗಳ ನಡುವೆ ಗರುಡ, ಕೆಳಗೆ ದಂಡಿನ, ಅಂದರೆ ಲೀಜನ್ ಎಂಬ ಸೇನಾ ತುಕಡಿಯ, ಸಂಖ್ಯೆ. ಇವು ಸವೆಯದೆ ಸಿಕ್ಕರೆ ಅದೃಷ್ಟ, ಮತ್ತು ಆ ಅದೃಷ್ಟದ ಬೆಲೆ ನನ್ನ ಜೇಬಿಗೆ ಎಟುಕುವುದಿಲ್ಲ. ಆಂಟನಿ ಬೆಳ್ಳಿಗೆ ಬೇರೆ ಲೋಹ ಬೆರೆಸಿದ್ದ. ಜನ ಒಳ್ಳೆಯ ಬೆಳ್ಳಿಯನ್ನು ಗಂಟು ಕಟ್ಟಿಟ್ಟು ಇದನ್ನೇ ಖರ್ಚಿಗೆ ಬಿಟ್ಟರು. ಹಾಗಾಗಿ ನೂರು ವರ್ಷ ದಾಟಿದರೂ ಇವು ಕೈಯಿಂದ ಕೈಗೆ ಓಡಾಡುತ್ತಲೇ ಇದ್ದವು. ಎಷ್ಟು ಪರಿಚಿತವಾಗಿದ್ದವೆಂದರೆ, ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಚಕ್ರವರ್ತಿಗಳಾದ ಮಾರ್ಕಸ್ ಅರೀಲಿಯಸ್ ಮತ್ತು ಲೂಸಿಯಸ್ ವೀರಸ್ ಆರನೇ ದಂಡಿನ ನಾಣ್ಯವನ್ನು ಅದೇ ವಿನ್ಯಾಸದಲ್ಲಿ ಮತ್ತೆ ಹೊಡೆಸಿದರು. ಇಂಥ ನಾಣ್ಯದಲ್ಲಿ ಸವೆತ ಒಂದು ದೋಷ ಅಂತ ನನಗನ್ನಿಸುವುದಿಲ್ಲ. ಏನು ಸವೆದಿದೆ, ಏನು ಉಳಿದಿದೆ ಎಂಬುದರ ಮೇಲೆ ದುಡ್ಡು.

ಇತ್ತೀಚೆಗೆ ಒಂದು ಮೇಳದಲ್ಲಿ ನೋಡಿದ ನಾಣ್ಯವನ್ನೇ ಹೇಳುತ್ತೇನೆ. ಚೀಟಿಯ ಮೇಲೆ 140 ಪೌಂಡ್ ಅಂತ ಬರೆದಿತ್ತು. ಮೊದಲು ವ್ಯಾಪಾರಿಯನ್ನು ಕೇಳಿ ಜೇಬಿನ ತಕ್ಕಡಿಯ ಮೇಲಿಟ್ಟೆ: 3.3 ಗ್ರಾಂ. ಹೊಸದಾಗಿದ್ದಾಗ ಇವು 3.6ರಿಂದ 3.9ರ ಆಸುಪಾಸು ಇರುತ್ತಿದ್ದವು, ಸವೆದವು ಮೂರೂಕಾಲಿಗೆ ಇಳಿಯುವುದು ಸಹಜ. ಸವೆತ ಕಮ್ಮಿ ಕಂಡು ತೂಕವೂ ಕಮ್ಮಿ ಬಂದರೆ ಮಾತ್ರ ನನಗೆ ಅನುಮಾನ, ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ಹೊದಿಸಿದ್ದಿರಬಹುದು ಅಂತ. ರೋಮನ್ನರ ಕಾಲದಲ್ಲೇ ಆ ಕಳ್ಳಕೆಲಸ ಧಾರಾಳವಾಗಿ ನಡೆಯುತ್ತಿತ್ತು. ಅದಕ್ಕೇ ಅಂಚನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡುತ್ತೇನೆ. ಬೆಳ್ಳಿ ಬಿರುಕು ಬಿಟ್ಟ ಕಡೆ ಹಸಿರು ಕಿಲುಬು ಇಣುಕಿದರೆ ಗೊತ್ತಾಗುತ್ತದೆ. ಅಂಚಿನ ಉದ್ದಕ್ಕೂ ಸಣ್ಣ ಗೆರೆಯೊಂದು ಓಡಿದ್ದರೆ, ಅಥವಾ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳಿದ್ದರೆ, ಅದು ಅಚ್ಚಿನಲ್ಲಿ ಹೊಡೆದದ್ದಲ್ಲ, ಇತ್ತೀಚಿನ ಎರಕ. ಈ ನಾಣ್ಯದಲ್ಲಿ ಎರಡೂ ಇರಲಿಲ್ಲ.

ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ನೌಕೆ ಬರೀ ಒಂದು ಮಸುಕು ಉಬ್ಬು. ಓರೆ ಬೆಳಕಿಗೆ ಹುಟ್ಟುಗಳ ಸಾಲು ಎದ್ದು ಬಂತು. ಮೇಲಿದ್ದ ಆಂಟನಿಯ ಹೆಸರು ಪೂರ್ತಿ ಹೋಗಿತ್ತು, ಹೋದರೆ ಹೋಗಲಿ, ಹೆಸರಿಲ್ಲದೆಯೂ ಇದು ಯಾರದ್ದೆಂದು ತಿಳಿಯುತ್ತದೆ. ಹಿಮ್ಮುಖದಲ್ಲಿ ಗರುಡದ ತಲೆಯಿಲ್ಲ, ಧ್ವಜದ ಕಂಬಗಳಿವೆ, ಎಡಗಡೆ ಲೀಜನ್ನಿನ 'ಲೆಗ್' ಎಂಬ ಮೂರು ಅಕ್ಷರಗಳಿವೆ, ಬಲಗಡೆ ಒಂದು ವಿ, ಅಂದರೆ ರೋಮನ್ ಅಂಕಿಯ ಐದು. ಅದರ ಪಕ್ಕ ಒಂದು ಗೀಟು. ಇನ್ನೊಂದು ಗೀಟು ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ನಾಣ್ಯವನ್ನು ನಿಧಾನವಾಗಿ ತಿರುಗಿಸಿದಾಗ ಎರಡನೇ ಗೀಟಿನ ಬುಡ ಮಾತ್ರ, ಒಂದು ಚುಕ್ಕೆಯಷ್ಟು, ನೆರಳು ಬೀಳಿಸಿತು. ಏಳನೇ ದಂಡು.

ಸಂಖ್ಯೆ ಓದಬಹುದೋ ಇಲ್ಲವೋ ಎಂಬುದರ ಮೇಲೆ ಈ ನಾಣ್ಯದ ಬೆಲೆ ಹೆಚ್ಚುಕಮ್ಮಿ ಇಬ್ಭಾಗವಾಗುತ್ತದೆ. ಆದರೆ ಸಂಖ್ಯೆ ವಿರಳವಾದಷ್ಟೂ ನಾನು ಹಿಂದೆ ಸರಿಯುತ್ತೇನೆ. ಒಂದನೇ ದಂಡಿನದ್ದು ತೀರಾ ಅಪರೂಪ. ಅದನ್ನು ಸಲೀಸು ಬೆಲೆಗೆ ಯಾರಾದರೂ ಚಾಚಿದರೆ ಕೈ ಹಿಂದಕ್ಕೆ. ಸಾಮಾನ್ಯ ಸಂಖ್ಯೆಯ ಗೀಟೊಂದನ್ನು ಉಜ್ಜಿ ತೆಗೆದು ಅಪರೂಪದ್ದಾಗಿ ಮಾಡುವವರಿದ್ದಾರೆ. ಅಕ್ಷರದ ಸುತ್ತಲಿನ ಬಯಲು ಉಳಿದ ಕಡೆಗಿಂತ ನುಣುಪಾಗಿ, ತುಸು ತಗ್ಗಾಗಿ ಕಂಡರೆ ಆ ಕೈಚಳಕ ಬಯಲಾಗುತ್ತದೆ.

ನೌಕೆಯ ಹೊಟ್ಟೆಯ ಮೇಲೆ ಅರ್ಧಚಂದ್ರದಂಥ ಸಣ್ಣ ಮುದ್ರೆಯೊಂದಿತ್ತು. ಬೆಳ್ಳಿ ಅಸಲಿಯೋ ಎಂದು ಪರೀಕ್ಷಿಸಿದ ಅಂದಿನ ಹಣದ ವ್ಯಾಪಾರಿ ಒತ್ತಿದ್ದು. ಕೆಲವರು ಇದನ್ನು ಗಾಯವೆಂದು ಬೆಲೆ ಇಳಿಸುತ್ತಾರೆ, ನಾನು ಇಳಿಸುವುದಿಲ್ಲ. ನಾನು ನಿರ್ದಯವಾಗಿ ಬೆಲೆ ಕತ್ತರಿಸುವುದು ಮಣ್ಣಿನ ಉಪ್ಪು ಕೊರೆದು ಸಿಡುಬಿನ ಮುಖದಂತಾದ ನಾಣ್ಯಕ್ಕೆ, ಮತ್ತು ಆಸಿಡ್ ಹಾಕಿ ತಿಕ್ಕಿ ಫಳಫಳ ಮಾಡಿದ್ದಕ್ಕೆ. ತಿಕ್ಕಿದ ನಾಣ್ಯದಲ್ಲಿ ತಗ್ಗಿನಲ್ಲೂ ಗೀರುಗಳಿರುತ್ತವೆ. ಬೆರಳುಗಳಲ್ಲಿ ಸವೆದದ್ದರಲ್ಲಿ ತಗ್ಗು ಕಪ್ಪಾಗಿ, ಉಬ್ಬು ಮಾತ್ರ ನಯವಾಗಿರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಮಾರುವವರು ಕೇಳುವ ಬೆಲೆ ಬೆಲೆಯಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳ ದಾಖಲೆ ಅಂತರಜಾಲದಲ್ಲಿದೆ, ಎಸಿಸರ್ಚ್‌ನಂಥ ಕಡೆ ಚಿತ್ರ ಸಮೇತ. ಅಲ್ಲಿ ನನ್ನ ಕೈಯಲ್ಲಿರುವಷ್ಟೇ ಸವೆದವನ್ನು ಮಾತ್ರ ಹೆಕ್ಕುತ್ತೇನೆ. ವಿವರಣೆಯಲ್ಲಿ 'ಉತ್ತಮ' ಅಂತಿದ್ದರೆ ನಂಬುವುದಿಲ್ಲ, ಚಿತ್ರ ನೋಡುತ್ತೇನೆ. ಹತ್ತಾರು ಸಿಕ್ಕರೆ ಮೇಲಿನದೊಂದು, ಕೆಳಗಿನದೊಂದು ಬಿಟ್ಟು ನಡುವಿನವನ್ನು ಹಿಡಿಯುತ್ತೇನೆ. ಇಬ್ಬರು ಹಟಕ್ಕೆ ಬಿದ್ದು ಏರಿಸಿದ ಬೆಲೆ ನಮಗೆ ಮಾದರಿಯಾಗಬಾರದು. ಏಳನೇ ದಂಡಿನ ಇದೇ ದರ್ಜೆಯವು ಎಪ್ಪತ್ತರಿಂದ ಎಂಬತ್ತು ಪೌಂಡಿನ ನಡುವೆ ಹೋಗಿದ್ದವು. ಆದರೆ ದಾಖಲೆಯಲ್ಲಿರುವುದು ಸಾಮಾನ್ಯವಾಗಿ ಸುತ್ತಿಗೆ ಬಿದ್ದ ಬೆಲೆ. ಅದರ ಮೇಲೆ ಹರಾಜು ಮನೆಯ ಕಮಿಷನ್ ಶೇ. 20ರಿಂದ 25, ಅದಕ್ಕೆ ತೆರಿಗೆ, ಅಂಚೆ ಖರ್ಚು ಎಲ್ಲ ಸೇರಿದರೆ 75ರದ್ದು ಮನೆ ಮುಟ್ಟುವಾಗ ನೂರರ ಹತ್ತಿರ. ಹಾಗಾಗಿ ಮೇಜಿನ ಮೇಲಿದ್ದ ಈ ನಾಣ್ಯಕ್ಕೆ ನೂರು ನ್ಯಾಯ, 140 ದುಬಾರಿ. ವ್ಯಾಪಾರಿಗೂ ಮೇಜಿನ ಬಾಡಿಗೆ ಇರುತ್ತದೆ, ಅವನು ಅಸಲಿ ಅಂತ ಬರೆದುಕೊಡುತ್ತಾನೆ, ತಪ್ಪಾದರೆ ವಾಪಸು ತೆಗೆದುಕೊಳ್ಳುತ್ತಾನೆ. ಅದಕ್ಕೆ ಐದು ಹತ್ತು ಪೌಂಡ್ ಹೆಚ್ಚು ಕೊಡಲು ನನಗೆ ಬೇಜಾರಿಲ್ಲ.

ಊರಿನವರು ವಾಟ್ಸಾಪಿನಲ್ಲಿ ರೋಮನ್ ನಾಣ್ಯದ ಫೋಟೋ ಕಳಿಸಿ ರೇಟು ಕೇಳುವುದುಂಟು. ನಮ್ಮಲ್ಲಿ ನಿಜವಾದವು ಸಿಕ್ಕಿವೆ: ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಡಿನೇರಿಯಸ್‌ಗಳು, 1891ರಲ್ಲಿ ಯಶವಂತಪುರದಲ್ಲಿ ಒಂದು ದೊಡ್ಡ ಗಂಟು. ಆದರೆ ನೆಲದಲ್ಲಿ ಸಿಕ್ಕಿದ್ದಕ್ಕೆ ನಾನು ಬೆಲೆ ಹೇಳುವುದಿಲ್ಲ. ನಿಧಿ ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ನಿಷೇಧಿಸಿದೆ. ಇಲ್ಲಿ ಕೊಳ್ಳುವಾಗಲೂ ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಹಳೇ ಸಂಗ್ರಹದ ಚೀಟಿ ಜೊತೆಗಿದ್ದರೆ ಅದಕ್ಕೂ ಒಂದಿಷ್ಟು ಬೆಲೆ ಕೊಡುತ್ತೇನೆ.

ಏಳನೇ ದಂಡಿನದ್ದಕ್ಕೆ ಚೀಟಿ ಇತ್ತು, ಹಳೇ ಶಾಯಿಯಲ್ಲಿ ಬರೆದದ್ದು, ಆದರೆ ಅದರ ಮೇಲೆ ಆರನೇ ದಂಡು ಅಂತಿತ್ತು. ಟಾರ್ಚ್ ಹಿಡಿದು ಎರಡನೇ ಗೀಟನ್ನು ವ್ಯಾಪಾರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಹೌದು, ಏಳು" ಅಂದರು. 105ಕ್ಕೆ ಕೊಟ್ಟರು, ಚೀಟಿಯನ್ನು ತಿದ್ದದೆ ಹಾಗೇ ಇಟ್ಟುಕೊಂಡಿದ್ದೇನೆ.