ಮೆಗು-ನೇ ಮಾತಿಗೆ ಉತ್ತರ ಕೊಡೋದು ಯಾರು?

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಪಾತ್ರಗಳ ಬಗ್ಗೆ ಕನ್ನಡದಲ್ಲಿ ಚಿಕ್ಕ ವಿಡಿಯೊಗಳನ್ನು ಮಾಡುವುದು ನನ್ನ ಹವ್ಯಾಸ. ಕೆಲಸ ಮುಗಿಸಿ ಬಂದು, ರಾತ್ರಿ ಊಟ ಆದ ಮೇಲೆ ಕೂತು ಮಾಡುವ ಕೆಲಸ ಅದು. ಇಲ್ಲಿವರೆಗೆ ಮಾಡಿದ್ದರಲ್ಲಿ ನನ್ನ ತಲೆ ಜಾಸ್ತಿ ತಿಂದವಳು ಯೂಕಿ ತಾಕೇಯಾ. 2015ರಲ್ಲಿ ಬಂದ ‘ಗಾಕ್ಕೋ ಗುರಾಶಿ’ ಸರಣಿಯ ನಾಯಕಿ. ಒಟ್ಟು 12 ಕಂತು. ನೋಡದೇ ಇದ್ದವರು ದಯವಿಟ್ಟು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಮುಂದೆ ಎಲ್ಲ ಗುಟ್ಟೂ ರಟ್ಟಾಗುತ್ತದೆ.

ಗುಲಾಬಿ ಕೂದಲು, ತಲೆ ಮೇಲೆ ಕಿವಿ ಇರುವ ಟೋಪಿ, ಬಾಯಿ ತೆರೆದರೆ ಶಾಲೆಯದ್ದೇ ಮಾತು. ಯೂಕಿ ಅಂದರೆ ಇಷ್ಟೇ ಅನ್ನಿಸುತ್ತದೆ ಮೊದಲಿಗೆ. ಶಾಲೆಯಲ್ಲೇ ವಾಸ ಮಾಡುವ ಒಂದು ಕ್ಲಬ್ಬು. ಅದರಲ್ಲಿ ಸಲಿಕೆ ಹಿಡಿದ ಕುರುಮಿ, ಎಲ್ಲರ ಊಟ-ತಿಂಡಿ ನೋಡಿಕೊಳ್ಳುವ ಯೂರಿ, ಕಿರಿಯವಳಾದ ಮಿಕಿ, ತಾರೋಮಾರು ಅನ್ನುವ ನಾಯಿ, ಮೆಗು-ನೇ ಅಂತ ಕರೆಸಿಕೊಳ್ಳುವ ಟೀಚರ್ರು. ಮೊದಲ ಕಂತಿನ ಕೊನೆಯವರೆಗೂ ಯಾವ ತಂಟೆಯೂ ಇಲ್ಲದ ಹುಡುಗಿಯರ ಕಥೆ. ಆಮೇಲೆ ನಾವು ಯೂಕಿಯ ಕಣ್ಣು ಬಿಟ್ಟು ಮಿಕಿಯ ಕಣ್ಣಿಂದ ಆ ತರಗತಿ ನೋಡುತ್ತೇವೆ. ಕಿಟಕಿ ಗಾಜು ಒಡೆದಿದೆ. ಬೆಂಚುಗಳು ಚೆಲ್ಲಾಪಿಲ್ಲಿ. ಸಹಪಾಠಿಗಳು ಯಾರೂ ಇಲ್ಲ. ಯೂಕಿ ಒಬ್ಬಳೇ ನಿಂತು ನಗುತ್ತಾ ಮಾತಾಡುತ್ತಿದ್ದಾಳೆ. ಹೊರಗೆ ಊರೆಲ್ಲ ಜೋಂಬಿ, ಸತ್ತೂ ಓಡಾಡುವ ಹೆಣಗಳು.

ಈ ತಿರುವಿನ ಬಗ್ಗೆ ಎಲ್ಲರೂ ಮಾತಾಡಿ ಮುಗಿಸಿದ್ದಾರೆ. ನನಗೆ ಬೇಕಾಗಿದ್ದು ಅದಲ್ಲ. ಹದಿಹರೆಯದ ಒಂದು ಹುಡುಗಿಯ ಮನಸ್ಸು ಒಡೆದಿರುವುದನ್ನು, ಅವಳು ಒಮ್ಮೆಯೂ ಕಿರುಚದೆ, ನಮಗೆ ಹೇಗೆ ತೋರಿಸಿದರು ಅನ್ನುವುದು. ಅದಕ್ಕಾಗಿ ಯೂಕಿಯನ್ನು ನೋಡುವುದನ್ನೇ ಬಿಟ್ಟೆ. ಅವಳ ಪಕ್ಕದಲ್ಲಿ ಇರುವವರನ್ನು ನೋಡಲು ಶುರು ಮಾಡಿದೆ.

ಒಂದು ನೋಟ್‌ಬುಕ್ ತೆಗೆದುಕೊಂಡು ಹಾಳೆ ನಡುವೆ ಗೆರೆ ಎಳೆದೆ. ಎಡಗಡೆ, ಮಾತಾಡಿದವರು. ಬಲಗಡೆ, ಉತ್ತರ ಕೊಟ್ಟವರು. ಮೊದಲೆರಡು ಕಂತುಗಳನ್ನು ನಿಲ್ಲಿಸಿ ನಿಲ್ಲಿಸಿ ಹೀಗೆ ಬರೆದುಕೊಂಡೆ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಆದರೆ ಹಾಳೆ ತುಂಬುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ರಾಚಿತು. ಮೆಗು-ನೇ ಅಂತ ಎಡಗಡೆ ಬರೆದ ಕಡೆಯೆಲ್ಲ ಬಲಗಡೆ ಯೂಕಿಯ ಹೆಸರೇ. ಯೂರಿ, ಕುರುಮಿ ಅದೇ ಕೋಣೆಯಲ್ಲೇ ಇರುತ್ತಾರೆ. ಆದರೆ ಟೀಚರ್ ಮಾತಿಗೆ ನೇರವಾಗಿ ಮುಖ ಕೊಡುವುದಿಲ್ಲ. ಯೂಕಿ ‘ಅಲ್ವಾ ಮೆಗು-ನೇ’ ಅಂದಾಗ ಮಾತ್ರ ಅವರೂ ಹೂಂಗುಟ್ಟುತ್ತಾರೆ. ‘ನಾನು ಇರೋದೇ ಯಾರಿಗೂ ಗೊತ್ತಾಗಲ್ಲ’ ಅಂತ ಮೆಗು-ನೇ ಮುಖ ಸಣ್ಣ ಮಾಡಿಕೊಳ್ಳುವ ಒಂದು ತಮಾಷೆ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ನಗು ಬರುತ್ತದೆ. ಮೂರನೇ ಕಂತಿನಲ್ಲಿ, ಹುಡುಗಿಯರನ್ನು ಉಳಿಸಲು ಹೋಗಿ ಮೆಗು-ನೇ ಯಾವಾಗಲೋ ಸತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅದೇ ತಮಾಷೆ ಕೇಳಿ ನೋಡಿ.

ಆ ಹಾಳೆಯನ್ನೇ ನನ್ನ ವಿಡಿಯೊದ ಬೆನ್ನೆಲುಬು ಮಾಡಿಕೊಂಡೆ. ಯೂಕಿಗೆ ಏನಾಗಿದೆ ಅಂತ ನಾನು ಹೇಳಲಿಲ್ಲ. ಹಾಳೆಯ ಫೋಟೊ ತೋರಿಸಿ, ಬಲಗಡೆಯ ಸಾಲನ್ನು ಬೆರಳಲ್ಲಿ ತೋರಿಸುತ್ತಾ ಹೋದೆ, ಅಷ್ಟೇ.

ಎರಡನೇ ಸುತ್ತಿನಲ್ಲಿ ಕ್ಲಬ್ಬಿನ ಕಾರ್ಯಕ್ರಮಗಳನ್ನು ಹಿಡಿದುಕೊಂಡೆ. ಇದು ನನಗೆ ಇಡೀ ಸರಣಿಯಲ್ಲೇ ತುಂಬಾ ಇಷ್ಟವಾದ ಭಾಗ. ಎರಡನೇ ಕಂತಿನಲ್ಲಿ ರಾತ್ರಿ ಹೊತ್ತು ಧೈರ್ಯ ಪರೀಕ್ಷೆ ಅಂತ ಒಂದು ಆಟ. ಯೂಕಿಗೆ ಅದು ಆಟ. ಉಳಿದವರಿಗೆ ಅದು ಶಾಲೆಯ ಅಂಗಡಿಯಿಂದ ಊಟದ ಸಾಮಾನು, ಲೈಬ್ರರಿಯಿಂದ ಪುಸ್ತಕ ತರುವ ದಾರಿ. ‘ಪ್ರವಾಸ’ ಅಂದರೆ ಶಾಪಿಂಗ್ ಮಾಲ್‌ಗೆ ಹೋಗಿ ಬೇಕಾದ್ದನ್ನು ಹೊತ್ತು ತರುವುದು. ಬಲೂನಿಗೆ ಕಾಗದ ಕಟ್ಟಿ ಹಾರಿಸುವುದು ಮಕ್ಕಳಾಟದ ಹಾಗೆ ಕಂಡರೂ, ಎಲ್ಲಾದರೂ ಯಾರಾದರೂ ಬದುಕಿದ್ದರೆ ಓದಲಿ ಅಂತ. ಹೊಟ್ಟೆಪಾಡಿನ ಕೆಲಸಕ್ಕೆಲ್ಲ ಒಂದೊಂದು ಹಬ್ಬದ ಹೆಸರು. ಕ್ಲಬ್ಬು ಶುರುವಾಗಿದ್ದೇ ಮೆಗು-ನೇಯ ಯೋಚನೆಯಿಂದ. ಅವಳು ಹೋದ ಮೇಲೂ ಅದೇ ನಾಲ್ವರನ್ನೂ ಎತ್ತಿ ಹಿಡಿದಿರುತ್ತದೆ. ಮೊದಲು ಯೂಕಿಗಾಗಿ ಇವರು ನಾಟಕ ಆಡುತ್ತಿದ್ದಾರೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಯೂರಿಯ ಮುಖ ನೋಡಿದರೆ ಗೊತ್ತಾಗುತ್ತದೆ, ಆ ನಾಟಕ ಅವಳಿಗೇ ಜಾಸ್ತಿ ಬೇಕು.

ಮಿಕಿ ಇದನ್ನು ಮುಖದ ಮೇಲೆ ಹೊಡೆದ ಹಾಗೆ ಕೇಳಿಬಿಡುತ್ತಾಳೆ. ಅವಳು ಮಾಲ್‌ನಲ್ಲಿ ಗೆಳತಿ ಕೇಯ್ ಜೊತೆ ಅಡಗಿ ಕೂತಿದ್ದವಳು. ಸುಮ್ನೆ ಜೀವ ಹಿಡಿದುಕೊಂಡಿದ್ದರೆ ಸಾಕಾ ಅಂತ ಕೇಳಿ ಕೇಯ್ ಹೊರಟು ಹೋಗಿದ್ದಳು. ಹಾಗಾಗಿ ಯೂಕಿಯ ಕನಸಿಗೆ ಎಲ್ಲರೂ ತಾಳ ಹಾಕುವುದು ಮಿಕಿಗೆ ಮೊದಲು ಸರಿ ಕಾಣುವುದಿಲ್ಲ. ಒಬ್ಬರಿಗೊಬ್ಬರು ಹೀಗೆ ಅಂಟಿಕೊಂಡರೆ ಯಾರೂ ವಾಸಿಯಾಗಲ್ಲ ಅನ್ನುವುದು ಅವಳ ವಾದ. ಯೂರಿ ಸಿಟ್ಟಾಗುತ್ತಾಳೆ. ನನ್ನ ವಿಡಿಯೊದಲ್ಲಿ ಈ ಜಗಳಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟಿದ್ದೇನೆ. ಇಬ್ಬರದ್ದೂ ಸರಿ ಅಂತ ಹೇಳಿ ಜಾರಿಕೊಳ್ಳಲು ಮನಸ್ಸಾಗಲಿಲ್ಲ. ನನ್ನ ಪ್ರಕಾರ ಮಿಕಿ ಹೇಳಿದ್ದು ನಿಜ, ಆದರೆ ಹೇಳಿದ ಹೊತ್ತು ಸರಿಯಿಲ್ಲ. ಬಾಗಿಲಾಚೆ ಜೋಂಬಿ ಇರುವಾಗ ಯಾರನ್ನೂ ನಿಜಕ್ಕೆ ಎಳೆದು ತರಲು ಆಗುವುದಿಲ್ಲ. ತಂದು ಕೂರಿಸಲು ಭದ್ರವಾದ ಜಾಗ ಎಲ್ಲಿದೆ?

ಇನ್ನು ಚಿತ್ರಗಳು. ಸರಣಿಯ ತುಣುಕುಗಳನ್ನು ಹಾಗೇ ಹಾಕುವುದು ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಹಕ್ಕಿನ ತೊಂದರೆ ಒಂದು ಕಡೆ. ಇನ್ನೊಂದು ಕಡೆ, ತುಣುಕು ಹಾಕಿದರೆ ಜನ ಅದನ್ನೇ ನೋಡುತ್ತಾರೆ, ನಾವು ಹೇಳುವುದನ್ನು ಕೇಳುವುದಿಲ್ಲ. ನಾನೇನೂ ದೊಡ್ಡ ಚಿತ್ರಕಾರ ಅಲ್ಲ. ಗೆರೆಯ ಗೊಂಬೆಗಳನ್ನು ಬರೆದೆ. ಎಲ್ಲರಿಗೂ ಬರೀ ತಲೆ, ಮೈ, ಕಣ್ಣು. ಕಣ್ಣು ಯಾವ ಕಡೆ ತಿರುಗಿದೆ ಅನ್ನುವುದಷ್ಟೇ ನನಗೆ ಮುಖ್ಯ. ಯೂಕಿಯ ಗೊಂಬೆ ಖಾಲಿ ಜಾಗ ನೋಡುತ್ತಿದೆ. ಯೂರಿಯ ಗೊಂಬೆ ಯೂಕಿಯನ್ನು ನೋಡುತ್ತಿದೆ. ಕುರುಮಿಯದ್ದು ಬಾಗಿಲ ಕಡೆ. ಈ ಮೂರು ನೋಟ ಪಕ್ಕಪಕ್ಕ ಇಟ್ಟ ಒಂದೇ ಚಿತ್ರ ನನ್ನ ಅರ್ಧ ಮಾತು ಉಳಿಸಿತು.

ಶೀರ್ಷಿಕೆ ಹಾಡಿನ ದೃಶ್ಯಗಳನ್ನೂ ಹೀಗೇ ಬರೆದು ಜೋಡಿಸಿದೆ. ಹಾಡು ಕೊನೆವರೆಗೂ ಅದೇ ಕುಣಿಯುವ ಹಾಡು. ಹಿಂದಿನ ಚಿತ್ರಗಳು ಮಾತ್ರ ಕಂತು ಕಳೆದ ಹಾಗೆ ಬದಲಾಗುತ್ತವೆ, ಚಂದದ ಶಾಲೆ ಹಾಳಾಗುತ್ತಾ ಬರುತ್ತದೆ. ಯೂಕಿ ಹೇಳದ್ದನ್ನು ಹಾಡು ಹೇಳುತ್ತದೆ. ನಿರ್ದೇಶಕ ಮಸಾಓಮಿ ಆಂದೋ ಮತ್ತು ಲೆರ್ಚೆ ಸ್ಟುಡಿಯೊದವರ ಈ ಕೆಲಸಕ್ಕೆ ಟೋಪಿ ತೆಗೆಯಬೇಕು. ಹಾಡು ದಾಟಿಸಿ ನೋಡುವ ಅಭ್ಯಾಸ ಇದ್ದವರಿಗೆ ಇದು ಸಿಗುವುದೇ ಇಲ್ಲ.

ಬರೆಯುವಾಗ ಕಷ್ಟವಾದ ವಿಷಯ ಕಾಯಿಲೆಯ ಹೆಸರು. ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಂತ ಒಂದು ಚೀಟಿ ಅಂಟಿಸಿದರೆ ಕೆಲಸ ಸುಲಭ, ಶೀರ್ಷಿಕೆಗೂ ಚೆನ್ನಾಗಿರುತ್ತದೆ. ಆದರೆ ಆ ಕಾಯಿಲೆಯಲ್ಲಿ ಆದ ಘಟನೆ ಬೇಡವೆಂದರೂ ಮತ್ತೆ ಮತ್ತೆ ಬಂದು ಕಾಡುವುದು, ಬೆಚ್ಚಿ ಬೀಳುವುದು, ನೆನಪು ಬರುವ ಜಾಗಗಳಿಂದ ದೂರ ಓಡುವುದು, ಇವೆಲ್ಲ ತಿಂಗಳಿಗೂ ಮೀರಿ ಇರುತ್ತವೆ. ಯೂಕಿ ಓಡುವುದಿಲ್ಲ. ಎಲ್ಲ ನಡೆದ ಶಾಲೆಯಲ್ಲೇ ಇದ್ದು, ಅದು ನಡೆದೇ ಇಲ್ಲ ಅನ್ನುತ್ತಾಳೆ. ಜೊತೆಗೆ ಇದು ಕಥೆ. ಬರೆದ ನೊರಿಮಿತ್ಸು ಕಾಯ್ಹೋ, ಚಿತ್ರ ಬಿಡಿಸಿದ ಸಾದೊರು ಚಿಬಾ ವೈದ್ಯಕೀಯ ಪಾಠ ಮಾಡಲು ಕೂತಿದ್ದವರಲ್ಲ. ಅವರ ಮಂಗಾ, ಅಂದರೆ ಈ ಸರಣಿಗೆ ಮೂಲವಾದ ಜಪಾನಿ ಕಾಮಿಕ್ಸ್, 2012ರಲ್ಲಿ ಶುರುವಾಗಿದ್ದು ‘ಕಿರಾರಾ ಫಾರ್ವರ್ಡ್’ನಲ್ಲಿ. ಕಿರಾರಾ ಬಳಗದ ಪತ್ರಿಕೆಗಳು ಮುದ್ದು ಹುಡುಗಿಯರ ಕಥೆಗಳಿಗೆ ಹೆಸರಾದವು. ಆ ಮುದ್ದುತನವನ್ನೇ ಅವರು ಯೂಕಿಯ ಮನಸ್ಸು ಕಟ್ಟಿಕೊಂಡ ಗೋಡೆ ಮಾಡಿದ್ದಾರೆ. ಹಾಗಾಗಿ ಕಾಯಿಲೆಯ ಹೆಸರು ಬಿಟ್ಟು, ಅವಳು ಏನು ಮಾಡುತ್ತಾಳೆ ಅನ್ನುವುದನ್ನು ಮಾತ್ರ ಹೇಳಿದೆ. ನೋಡುವವರಲ್ಲಿ ಶಾಲೆ-ಕಾಲೇಜಿನ ಹುಡುಗರೇ ಜಾಸ್ತಿ. ಅದಕ್ಕೇ ವಿಡಿಯೊ ಕೆಳಗೆ ಮಾನಸಿಕ ಆರೋಗ್ಯಕ್ಕೆ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಹಾಕಿದೆ. ಕನ್ನಡದಲ್ಲೇ ಮಾತಾಡಬಹುದು.

ಧ್ವನಿ ಕೊಡುವಾಗಲೂ ಒಂದು ನಿಯಮ ಇಟ್ಟುಕೊಂಡೆ. ಹಿನ್ನೆಲೆಯಲ್ಲಿ ಅಳುವ ಪಿಟೀಲು ಬೇಡ. ಯೂಕಿಗೆ ಧ್ವನಿ ಕೊಟ್ಟ ಇನೊರಿ ಮಿನಾಸೆ ಮೊದಲ ಕಂತುಗಳಲ್ಲಿ ಎಲ್ಲೂ ದುಃಖದ ಸುಳಿವು ಬಿಟ್ಟುಕೊಡುವುದಿಲ್ಲ. ಯೂಕಿ ನಿಜವಾಗಿಯೂ ಖುಷಿಯಾಗಿದ್ದಾಳೆ. ಅದೇ ಹೊಟ್ಟೆ ಹಿಂಡುವುದು. ನಾನು ಅದರ ಮೇಲೆ ಅಳುಮೋರೆಯ ದನಿ ಸುರಿದರೆ ಏನು ಉಳಿಯುತ್ತದೆ?

ಕೊನೆಯ ಕಂತು ವಿವರಿಸಲು ತಿಣುಕಾಡಿದೆ. ಈ ಕಥೆಯ ಜೋಂಬಿಗಳಿಗೆ ಬದುಕಿದ್ದಾಗಿನ ಅಭ್ಯಾಸ ಹೋಗಿಲ್ಲ. ಬೆಳಗ್ಗೆ ಶಾಲೆಗೆ ಬರುತ್ತವೆ, ಸಂಜೆ ಹೋಗುತ್ತವೆ, ಮಳೆ ಬಂದರೆ ಒಳಗೆ ನುಗ್ಗುತ್ತವೆ. ಎಲ್ಲ ಕೈಮೀರಿದಾಗ ಯೂಕಿ ಪ್ರಸಾರ ಕೋಣೆಗೆ ಹೋಗಿ ಮೈಕಿನಲ್ಲಿ ಹೇಳುತ್ತಾಳೆ, ಶಾಲೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ ಅಂತ. ಅವು ಹೊರಟು ಹೋಗುತ್ತವೆ. ಅವಳು ವಾಸಿಯಾದಳು, ಕನಸು ಬಿಟ್ಟಳು ಅಂತ ಸುಮ್ನೆ ಹೇಳಿಬಿಡಬಹುದಿತ್ತು. ನನಗೆ ಕಂಡದ್ದು ಬೇರೆ. ಈಗ ಅವಳಿಗೆ ಒಡೆದ ಗಾಜೂ ಕಾಣುತ್ತದೆ, ಹೊರಗಿರುವವರು ಏನಾಗಿದ್ದಾರೆ ಅಂತಲೂ ಗೊತ್ತು. ಆದರೂ ಅವರನ್ನು ವಿದ್ಯಾರ್ಥಿಗಳು ಅಂತಲೇ ಮಾತಾಡಿಸುತ್ತಾಳೆ. ಕುರುಮಿಗೆ ಸಲಿಕೆ ಕೆಲಸಕ್ಕೆ ಬಂದ ಹಾಗೆ ಇವಳಿಗೆ ಶಾಲೆಯ ಮೇಲಿನ ಪ್ರೀತಿ ಕೆಲಸಕ್ಕೆ ಬಂತು. ಇಡೀ ಸರಣಿ ಅವಳ ಕಾಯಿಲೆ ಅಂತ ನಾವು ಅಂದುಕೊಂಡದ್ದರ ಒಂದು ಭಾಗ ಅವಳ ಸ್ವಭಾವವೇ ಆಗಿತ್ತು. ಇದನ್ನು ಹೇಳಲು ಮತ್ತೆ ಆ ನೋಟ್‌ಬುಕ್ಕೇ ತೆಗೆದೆ. ಎಡಗಡೆ ಯೂಕಿ. ಬಲಗಡೆ, ಮೊದಲ ಸಲ, ಇಡೀ ಶಾಲೆ.

ತಾರೋಮಾರು ಸಾಯುವುದನ್ನು ಒಂದೇ ವಾಕ್ಯದಲ್ಲಿ ದಾಟಿಸಿದೆ. ನಾಯಿ ಸಾಯುವ ದೃಶ್ಯದ ಮೇಲೆ ಭಾಷಣ ಮಾಡುವ ಧೈರ್ಯ ನನಗಿಲ್ಲ, ಬೈದರೆ ಬೈಯಿರಿ. ಕುರುಮಿಯನ್ನಂತೂ ಮುಟ್ಟಲೇ ಇಲ್ಲ. ತಾನು ಮೆಚ್ಚಿದ ಹಿರಿಯ ಹುಡುಗ ಜೋಂಬಿಯಾಗಿ ಮೇಲೆ ಬಿದ್ದಾಗ ತಾರಸಿಯ ಮೇಲೆ ಅವನನ್ನು ಅದೇ ಸಲಿಕೆಯಿಂದ ಹೊಡೆದು ಕೊಂದವಳು ಅವಳು. ಅವಳಿಗೆ ಕಲ್ಪನೆಯ ಗೋಡೆ ಇಲ್ಲ, ಎಲ್ಲ ನೆನಪಿದೆ, ಆದರೂ ಜೋಕ್ ಮಾಡುತ್ತಾ ಕಾವಲು ಕಾಯುತ್ತಾಳೆ. ಅವಳಿಗೆ ಬೇರೆಯೇ ವಿಡಿಯೊ ಬೇಕು. ಈ ಸಲ ನೋಟ್‌ಬುಕ್ಕಿನಲ್ಲಿ ಮಾತು ಬರೆಯುವುದಿಲ್ಲ. ಅವಳು ಸಲಿಕೆ ಯಾವಾಗ ಕೆಳಗಿಡುತ್ತಾಳೆ ಅನ್ನುವುದನ್ನು ಬರೆದುಕೊಳ್ಳುತ್ತಿದ್ದೇನೆ.